ಲಿಂಬೆ ಗೋದಾಮಿನ ಮೇಲಿನ ಕೀಬೋರ್ಡ್

ಪ್ರೇಮಕುಮಾರನಿಗೆ ಬೇಕಾಗಿದ್ದು ಒಂದೇ ಸಾಲು. ಕ್ಯಾಸೆಟ್ಟಿನ ಡಬ್ಬಿಯೊಳಗೆ ಮಡಚಿಡುವ ಬಣ್ಣದ ಕಾರ್ಡಿನ ಮೇಲೆ 'ಸಂಗೀತ: ಪ್ರೇಮಕುಮಾರ ಝಳಕಿ' ಎಂದು ಅಚ್ಚಾಗಬೇಕಿತ್ತು. ವಿಜಾಪುರದ ಕ್ಯಾಸೆಟ್ ಕಂಪನಿಯೊಂದರ ಮ್ಯಾನೇಜರ ಅವನ ಕೈಚಳಕ ಕೇಳಿ ತಲೆದೂಗಿದ್ದ. ಆಮೇಲೆ, "ಕಾರ್ಡಿನ ಮ್ಯಾಲ ಹೆಸರ ಇದ್ದವರನ್ನ ಅಷ್ಟ ನಾವು ಕರೀತೇವಿ. ಒಂದು ಕ್ಯಾಸೆಟ್ಟರ ನಿನ್ನ ಹೆಸರಿಂದ ಬರಲಿ, ಅದನ್ನ ತಗೊಂಡು ಬಾ" ಎಂದು ಕಳಿಸಿದ್ದ. ಅದು ೨೦೦೨ರ ಜನವರಿ. ಫೆಬ್ರವರಿಯಲ್ಲಿ ಪ್ರೇಮಕುಮಾರ ಸೊಲ್ಲಾಪುರದ ಆರ್ಕೆಸ್ಟ್ರಾ ಬಿಟ್ಟು ಇಂಡಿಗೆ, ಅಮಿತನ ಸ್ಟುಡಿಯೋಕ್ಕೆ ಬಂದ.

ಅಮಿತನದು ಲಿಂಬೆ ವ್ಯಾಪಾರದ ಮನೆ. ಕೆಳಗೆ ದನದ ಕೊಟ್ಟಿಗೆ, ಅದಕ್ಕೆ ಹೊಂದಿಕೊಂಡು ಲಿಂಬೆ ತುಂಬುವ ಗೋದಾಮು, ಗೋದಾಮಿನ ಮೇಲೆ ಒಂದು ಕೋಣೆ. ಆ ಕೋಣೆಯೇ ಸ್ಟುಡಿಯೋ. ಹೊರಗಿನ ಸದ್ದು ತಡೆಯಲು ಗೋಡೆಗೆ ಮೊಟ್ಟೆಯ ಟ್ರೇ ಹೊಡೆಯಬೇಕು ಎಂದು ಪ್ರೇಮಕುಮಾರ ಹೇಳಿದಾಗ ಅಮಿತನ ಅಜ್ಜಿ ಚನ್ನವ್ವ, ತಾನು ಸತ್ತ ಮೇಲೆ ಆ ಟ್ರೇ ತರಬಹುದು ಎಂದಳು. ಹೀಗಾಗಿ ಲಿಂಬೆಯ ಗೋಣಿಚೀಲಗಳನ್ನೇ ಎರಡು ಪದರು ಮಾಡಿ ಗೋಡೆಗೆ ಮೊಳೆ ಹೊಡೆದಿದ್ದರು. ಕೋಣೆಗೆ ಎರಡು ದಾರಿ. ಮನೆಯ ಒಳಗಿಂದ ಒಂದು ಮೆಟ್ಟಿಲು, ಗೋದಾಮಿನ ಹೊರಗಿಂದ ಒಂದು ಕಬ್ಬಿಣದ ಏಣಿ. ಪ್ರೇಮಕುಮಾರನಿಗೆ ಏಣಿ. ಯಾರೂ ಹಾಗೆಂದು ಹೇಳಲಿಲ್ಲ. ಮೊದಲ ದಿನ ಅವನು ಬಂದಾಗ ಮುಂಬಾಗಿಲಲ್ಲಿ ನಿಂತಿದ್ದ ಚನ್ನವ್ವ, "ಯಾವೂರೋ?" ಎಂದಳು. "ಝಳಕಿರಿ." "ಝಳಕಿಯಾಗ ಯಾರ ಪೈಕಿ?" "ರಾವಸಾಬನ ಮಗ್ರಿ, ನಮ್ಮ ಕೇರಿ ಜಯಂತ್ಯಾಗ ಭೀಮಗೀತಿ ಹಾಡತಿದ್ರಲ್ರಿ." ಅವಳು ಏಣಿಯ ಕಡೆ ಕೈ ತೋರಿಸಿದಳು. ಅಷ್ಟೇ.

ಅಮಿತನಿಗೆ ಇಪ್ಪತ್ತನಾಲ್ಕು, ಪ್ರೇಮಕುಮಾರನಿಗೆ ಇಪ್ಪತ್ತೆಂಟು. ಅಮಿತ ಇವನನ್ನು ಪ್ರೇಮ್ಯಾ ಎಂದೂ ಇವನು ಅವನನ್ನು ಸಾವಕಾರ್ರ ಎಂದೂ ಕರೆಯುತ್ತಿದ್ದರು. ಅಮಿತ ಕೆಟ್ಟವನಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕಾಲೇಜಿಗೆ ಹೋಗಿ ಬಂದವನು, ಸಿಗರೇಟನ್ನು ಪ್ರೇಮಕುಮಾರನ ಬೆಂಕಿಯಿಂದಲೇ ಹಚ್ಚಿಕೊಳ್ಳುತ್ತಿದ್ದವನು. "ನಂಗೇನಿಲ್ಲೋ ಪ್ರೇಮ್ಯಾ, ಆಯಿಗೆ ಅಷ್ಟ" ಎನ್ನುವುದು ಅವನ ರೂಢಿ. ಅಜ್ಜಿಯನ್ನು ಅವನು ಆಯಿ ಎನ್ನುತ್ತಿದ್ದ.

ಸೊಲ್ಲಾಪುರದಿಂದ ಕಂಪ್ಯೂಟರು, ಹೊಸ ಕೀಬೋರ್ಡು, ಮೈಕು ಎಲ್ಲ ತಂದಿಟ್ಟು ಎರಡು ತಿಂಗಳಾಗಿತ್ತು. ಕೀಬೋರ್ಡಿನಲ್ಲಿ ಬಾರಿಸಿದ್ದನ್ನು ಕಂಪ್ಯೂಟರು ಬರೆದಿಟ್ಟುಕೊಳ್ಳಬೇಕು, ಅದಕ್ಕೇ ಅಷ್ಟೆಲ್ಲ. ಆದರೆ ಒಂದು ಸ್ವರವೂ ಒಳಗೆ ಹೋಗಿರಲಿಲ್ಲ. ಪ್ರೇಮಕುಮಾರ ಮೇಜಿನ ಹಿಂದೆ ಬಗ್ಗಿ ನೋಡಿದ. ಕೀಬೋರ್ಡಿನ ಬೆನ್ನಿನಲ್ಲಿ ಎರಡು ದುಂಡನೆಯ ತೂತುಗಳು. ಒಂದು ಹೇಳುವುದಕ್ಕೆ, ಇನ್ನೊಂದು ಕೇಳುವುದಕ್ಕೆ. ಅಮಿತ ಎರಡರ ವಾಯರುಗಳನ್ನೂ ಅದಲು ಬದಲು ಸಿಕ್ಕಿಸಿದ್ದ.

"ಇದರ ಬಾಯಿ ಅದರ ಕಿವಿಗೆ ಹೋಗಬೇಕ್ರಿ. ನೀವು ಬಾಯಿಗೆ ಬಾಯಿ ಹಚ್ಚೀರಿ."

"ಬಾಯಿಗೆ ಬಾಯಿ ಹಚ್ಚೂದು ಸಿನಿಮಾದಾಗ ಅಷ್ಟ ಚಲೋ ಅನ್ನು" ಎಂದು ಅಮಿತ ನಕ್ಕ. ಎರಡು ನಿಮಿಷದಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಸ್ವರಗಳು ಸಣ್ಣ ಗೆರೆಗಳಾಗಿ ಬೀಳತೊಡಗಿದವು. ಮಾತು ಆಗಿದ್ದೂ ಆಗಲೇ. ಹತ್ತಿರದ ಮಠವೊಂದರ ಪುಣ್ಯತಿಥಿಗೆ ಹನ್ನೊಂದು ತತ್ವಪದಗಳ ಕ್ಯಾಸೆಟ್ ಹೊರಡಬೇಕು. ಹಾಡುವವರು ಲಚ್ಯಾಣದ ಶ್ರೀಶೈಲಪ್ಪ ಮಾಸ್ತರರು. ಸಂಗೀತ ಪ್ರೇಮಕುಮಾರನದು.

"ಕಾರ್ಡಿನ ಮ್ಯಾಲ ಹೆಸರ ಹಾಕತೀರಲ್ರಿ?"

"ಬಾರಿಸಿದವರ ಹೆಸರ ಹಾಕಲೇಬೇಕಲ್ಲೋ. ಮತ್ಯಾರದು ಹಾಕೂದು, ಲಿಂಬಿ ಹಮಾಲರದ?"

ಶ್ರೀಶೈಲಪ್ಪ ಮಾಸ್ತರರು ನಿವೃತ್ತ ಹೆಡ್‌ಮಾಸ್ತರರು. ಏನನ್ನೂ ಕೇಳಿ ತಿಳಿದುಕೊಳ್ಳುವ, ತಿಳಿದುಕೊಂಡ ಮೇಲೆ ಒಪ್ಪದ ಮನುಷ್ಯ. ಮೊದಲ ದಿನವೇ, "ಈ ವಾಯರಿನಾಗ ಧ್ವನಿ ಹೋಗತೈತೇನೋ?" ಎಂದು ಕೇಳಿದರು. ಚನ್ನವ್ವ ಬಾಗಿಲ ಬಳಿ ಗೋಡೆಗೊರಗಿ ಕೂತಿದ್ದಳು.

"ಧ್ವನಿ ಹೋಗೂದಿಲ್ರಿ ಮಾಸ್ತರ. ಅಪ್ಪಣಿ ಹೋಗತೈತಿ. ಯಾವ ಪಟ್ಟಿ ಒತ್ತಿದ್ರು, ಎಷ್ಟು ಜೋರ ಒತ್ತಿದ್ರು, ಯಾವಾಗ ಬಿಟ್ರು, ಅಷ್ಟ. ಪದ ಉಳಿಯೂದು ಆ ಡಬ್ಬಿಯಾಗ."

"ಪದ ಡಬ್ಬಿಯಾಗ ಉಳಿಯಾಕ ಅದೇನು ಉಪ್ಪಿನಕಾಯೇನು?" ಎಂದರು ಮಾಸ್ತರರು. "ವಾದ್ಯದಾಗ ಇರತೈತೋ ಹುಚ್ಚಾ. ವಾದ್ಯ ಅಂದ್ರ ಸರಸ್ವತಿ."

"ಹಂಗ ಹೇಳ್ರಿ" ಎಂದಳು ಚನ್ನವ್ವ. ಮರುದಿನದಿಂದ ಕೀಬೋರ್ಡಿನ ಹಣೆಯ ಮೇಲೆ ಮೂರು ಗೆರೆ ವಿಭೂತಿ ಕಾಣತೊಡಗಿತು. ಕಂಪ್ಯೂಟರಿಗೆ ಅವಳು ವಿಭೂತಿ ಹಚ್ಚಲಿಲ್ಲ. ಅದು ಅವಳ ಪಾಲಿಗೆ ಟಿವಿಯ ತಮ್ಮ.

ಎರಡನೆಯ ವಾರದಲ್ಲಿ ತೊಂದರೆ ಶುರುವಾಯಿತು.

ಮೊದಲನೆಯದು ಸಣ್ಣದು. ಒಂದು ಪಟ್ಟಿ ಒತ್ತಿದರೆ ಎರಡು ಸಲ ನುಡಿಯುತ್ತಿತ್ತು. ಕೀಬೋರ್ಡು ತಾನೂ ನುಡಿದು ಕಂಪ್ಯೂಟರಿಗೂ ಹೇಳುತ್ತಿತ್ತು, ಕಂಪ್ಯೂಟರು ಅದನ್ನೇ ತಿರುಗಿ ಕೀಬೋರ್ಡಿಗೆ ಹೇಳಿ ಮತ್ತೊಮ್ಮೆ ನುಡಿಸುತ್ತಿತ್ತು. ಪ್ರೇಮಕುಮಾರನಿಗೆ ಇದು ಗೊತ್ತಿದ್ದ ಕಾಯಿಲೆ. ಕೀಬೋರ್ಡಿನಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ. ಅದನ್ನು ಬಂದ್ ಮಾಡಿದರೆ ಪಟ್ಟಿಗಳಿಗೂ ಅದರ ಸ್ವಂತ ಧ್ವನಿಗೂ ಸಂಬಂಧ ಕಡಿಯುತ್ತದೆ. ಆಗ ಪಟ್ಟಿ ಒತ್ತಿದರೆ ಅಪ್ಪಣೆ ಕಂಪ್ಯೂಟರಿಗೆ ಹೋಗಿ ಅಲ್ಲಿಂದ ತಿರುಗಿ ಬಂದರೆ ಮಾತ್ರ ಸದ್ದು. ಬಂದ್ ಮಾಡಿದ. ಸರಿಹೋಯಿತು.

ಎರಡನೆಯದು ಅವನ ಹನ್ನೆರಡು ದಿನ ತಿಂದಿತು. ಬೆಳಿಗ್ಗೆ ಬಂದು ಕಾಳಿ ಎರಡರಲ್ಲಿ, ಎಂದರೆ ಎರಡನೆಯ ಕಪ್ಪು ಪಟ್ಟಿಯಲ್ಲಿ, ಸ್ವರ ಹಿಡಿದರೆ ಅದರ ಪಕ್ಕದ್ದೂ ಜೊತೆಗೆ ನುಡಿಯುವುದು. ಒಂದು ಪಟ್ಟಿ ಬಿಟ್ಟ ಮೇಲೂ ನಿಲ್ಲದೆ, ಬಂದ್ ಮಾಡಲು ಮರೆತ ನಳದಂತೆ ಸುರಿಯುತ್ತಲೇ ಇರುವುದು. ಪರದೆಯ ಮೇಲೆ ಯಾರೂ ಒತ್ತದ ಸ್ವರಗಳ ಗೆರೆಗಳು. ಮಧ್ಯಾಹ್ನ ಮೂರರ ಹೊತ್ತಿಗೆ ತಾನಾಗಿಯೇ ಅರ್ಧ ಕಡಿಮೆಯಾಗುವುದು. ಮರುದಿನ ಮತ್ತೆ.

ಅವನು ಕಲಿತ ಪದ್ಧತಿ ಒಂದೇ. ಸರಪಳಿಯ ಒಂದು ತುದಿಯಿಂದ ಹಿಡಿದು ಒಂದೊಂದೇ ಕೊಂಡಿ ನೋಡುತ್ತ ಹೋಗುವುದು, ಎರಡನ್ನು ಕೂಡಿ ಮುಟ್ಟದಿರುವುದು. ಅವನು ಕಂಪ್ಯೂಟರಿನ ತುದಿಯಿಂದ ಶುರುಮಾಡಿದ. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದ. ಹದಿನಾರು ಚಾನಲ್ಲುಗಳನ್ನು ಒಂದೊಂದಾಗಿ ಬಂದ್ ಮಾಡಿ ನೋಡಿದ. ಕಂಪ್ಯೂಟರಿನ ಒಳಗಿನ ಸೌಂಡ್ ಕಾರ್ಡನ್ನು ಕಿತ್ತು, ಉಜ್ಜಿ, ಮತ್ತೆ ಕೂರಿಸಿದ. ಸೆಕೆಗೆ ಡಬ್ಬಿ ಬಿಸಿಯಾಗದಿರಲೆಂದು ಅದರ ಪಕ್ಕದ ತಗಡನ್ನು ತೆಗೆದು ಎದುರಿಗೆ ಟೇಬಲ್ ಫ್ಯಾನ್ ಇಟ್ಟ. ಆ ತಗಡು ಆಮೇಲೆ ಗೋಡೆಗೇ ಒರಗಿ ಉಳಿಯಿತು. ಸೊಲ್ಲಾಪುರಕ್ಕೆ ಹೋಗಿ ಹಳೆಯ ಗೆಳೆಯನ ವಾಯರು ಬೇಡಿ ತಂದ. ಅದರಲ್ಲೂ ಅದೇ. ಕೀಬೋರ್ಡನ್ನು ಮಾತ್ರ ಅವನು ಸಂಶಯಪಡಲಿಲ್ಲ. ಅಷ್ಟು ಹೊಸ ಕೀಬೋರ್ಡನ್ನು ಅವನು ಜನ್ಮದಲ್ಲಿ ಬಾರಿಸಿರಲಿಲ್ಲ. ಆರ್ಕೆಸ್ಟ್ರಾದಲ್ಲಿ ಅವನಿಗೆ ಸಿಕ್ಕಿದ್ದ ಹಳೆಯದರಲ್ಲಿ ಏಳು ಪಟ್ಟಿ ಕಿತ್ತುಹೋಗಿದ್ದವು.

"ಏನಪಾ, ಸೊಲ್ಲಾಪುರದ ಡಾಕ್ಟರ" ಎಂದು ಅಮಿತ ಕೇಳುವನು. "ಪೇಶಂಟ್ ಉಳೀತಾನೋ ಇಲ್ಲೋ?"

"ನೋಡಾಕತ್ತೇನ್ರಿ."

"ಹತ್ತು ದಿವಸಾತು ನೋಡಾಕತ್ತು. ಸಿಂದಗಿಯಾಗ ಒಬ್ಬವ ಅದಾನಂತ, ಹೆಂಗಸರ ಭಜನಿ ಕ್ಯಾಸೆಟ್ ಎಲ್ಲಾ ಅವನ ಮಾಡ್ತಾನಂತ. ಕರಸಲೇನು?"

"ಬ್ಯಾಡ್ರಿ. ನಾಕ ದಿವಸ ಕೊಡ್ರಿ."

"ನಿನ್ನ ಕೈಯಾಗ ಏನರ ಐತೇನೋ? ನೀ ಮುಟ್ಟಿದ್ದ ಕೆಡಾಕತ್ತೈತಿ" ಎಂದರು ಶ್ರೀಶೈಲಪ್ಪ ಮಾಸ್ತರರು. ಅಮಿತ ನಕ್ಕ. ಅದು ತಮಾಷೆಯೆಂದು ತೋರಿಸಲು ಪ್ರೇಮಕುಮಾರನೂ ನಕ್ಕ.

ಹದಿಮೂರನೆಯ ದಿನ ಸರಪಳಿಯಲ್ಲಿ ಬೇರೆ ಕೊಂಡಿ ಉಳಿಯಲಿಲ್ಲ. ಕೀಬೋರ್ಡನ್ನು ಹಳೆ ಚಾದರಿನಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಇಬ್ರಾಹಿಂಸಾಬನ ರೇಡಿಯೋ ರಿಪೇರಿ ಅಂಗಡಿಗೆ ಒಯ್ದ. ಇಬ್ರಾಹಿಂಸಾಬನಿಗೆ ಕೀಬೋರ್ಡ್ ಗೊತ್ತಿರಲಿಲ್ಲ. ಸ್ಕ್ರೂ ಗೊತ್ತಿತ್ತು. ಇಪ್ಪತ್ತೆರಡು ಸ್ಕ್ರೂ ಬಿಚ್ಚಿ ಮೇಲಿನ ಭಾಗ ಎತ್ತಿದ.

ಪಟ್ಟಿಗಳ ಕೆಳಗೆ, ರಬ್ಬರಿನ ಗುಂಡಿಗಳ ಸುತ್ತ, ಬಿಳಿ ಪುಡಿ ಹೆಪ್ಪುಗಟ್ಟಿತ್ತು. ಕೆಲವು ಕಡೆ ಹಳದಿ. ತಾಮ್ರದ ಗೆರೆಗಳು ಹಸಿರಾಗಿದ್ದವು. ಒಂದು ಗೆರೆಯಿಂದ ಇನ್ನೊಂದಕ್ಕೆ ಒದ್ದೆ ದಾಟಿಕೊಂಡು ಹೋಗಿತ್ತು. ಒಂದು ಪಟ್ಟಿಯ ಅಪ್ಪಣೆ ಪಕ್ಕದ ಪಟ್ಟಿಗೂ ಹೋಗುತ್ತಿದ್ದುದು ಆ ಹಾದಿಯಿಂದ.

"ಮಳಿ ಸೋರತೈತೇನು ನಿಮ್ಮ ಕೋಲಿ?"

"ಮಾರ್ಚದಾಗ ಎಲ್ಲಿ ಮಳಿ ಚಾಚಾ."

ಇಬ್ರಾಹಿಂಸಾಬ ಉಗುರಿನಿಂದ ಪುಡಿ ಕೆರೆದ. ಮೂಸಿದ. ಇನ್ನೊಮ್ಮೆ ಮೂಸಿದ. ಕನ್ನಡಕ ತೆಗೆದು ಪ್ರೇಮಕುಮಾರನ ಮುಖ ನೋಡಿದ.

"ನಲವತ್ತು ವರ್ಷಾತು ರಿಪೇರಿ ಮಾಡಾಕತ್ತು. ರೇಡಿಯೋದಾಗ ಇಲಿ ಹೊಯ್ದಿದ್ದು ನೋಡೇನಿ, ಟೇಪಿನ್ಯಾಗ ಬೆಕ್ಕು ಹೊಯ್ದಿದ್ದು ನೋಡೇನಿ. ಆಕಳ ಇದರ ಮ್ಯಾಲ ಹೆಂಗ ಹತ್ತೇತಿ ತಮ್ಮಾ?"

ಪ್ರೇಮಕುಮಾರನೂ ಬಗ್ಗಿ ಮೂಸಿದ. ಈ ವಾಸನೆ ಕೋಣೆಯಲ್ಲಿ ದಿನಾ ಬೆಳಿಗ್ಗೆ ಇರುತ್ತಿತ್ತು. ಕೆಳಗೆ ಕೊಟ್ಟಿಗೆ ಇದೆಯಲ್ಲ ಎಂದುಕೊಂಡಿದ್ದ. ಸಂಜೆ ಐದರ ಬಸ್ಸಿಗೆ ಅವನು ಏಣಿ ಇಳಿದ ಮೇಲೆ ಒಳಮೆಟ್ಟಿಲಿನಿಂದ ಯಾರು ಹತ್ತಿ ಬರುತ್ತಾರೆ, ಅವರ ಕೈಯಲ್ಲಿ ಏನಿರುತ್ತದೆ ಎಂಬುದು ಒಮ್ಮೆಲೇ ತಿಳಿಯಿತು. ಸ್ವಾಮಿಗಳ ಪದ ಹುಟ್ಟುವ ವಾದ್ಯ. ಅದರ ಮೇಲೆ ಇಡೀ ದಿನ ಅವನ ಹತ್ತು ಬೆರಳು. ಸಂಜೆ ಒಂದು ತಂಬಿಗೆ ಗೋಮೂತ್ರ.

ಅವನಿಗೆ ಅಳು ಬರಲಿಲ್ಲ. ಹನ್ನೆರಡು ದಿನ ತನ್ನನ್ನು ತಾನೇ ದಡ್ಡ ಎಂದುಕೊಂಡು ಕಂಪ್ಯೂಟರಿನ ಒಳಗೆಲ್ಲ ತಡಕಾಡಿದ್ದಕ್ಕೆ ಸಿಟ್ಟು ಬಂತು.

ಇಬ್ರಾಹಿಂಸಾಬ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದೇ ಗೆರೆ ಒರೆಸಿದ. "ಬಿಸಲಾಗ ಒಣಗಿಸು. ಅಷ್ಟ ಇಷ್ಟ ನಡೀತೈತಿ. ಇನ್ನೊಂದು ಸಲ ಬಿತ್ತಂದ್ರ ಈ ಪಟ್ಟಿಗೋಳು ಮುಗದ್ವು. ಹೋಗಿ ಹೇಳು ಅವರಿಗೆ."

"ಏನಂತ ಹೇಳ್ಲಿ ಚಾಚಾ?"

"ಅದೂ ನಾನ ಹೇಳಬೇಕೇನು? ನನ್ನ ಕೆಲಸ ಸ್ಕ್ರೂ" ಎಂದು ಅವನು ಬೇರೆ ಟ್ರಾನ್ಸಿಸ್ಟರ್ ಎತ್ತಿಕೊಂಡ.

ಹೇಳಿದ. ಅಮಿತನಿಗೆ ಹೇಳದೆ ಉಪಾಯವಿರಲಿಲ್ಲ. ಹೇಳದಿದ್ದರೆ ಕೀಬೋರ್ಡ್ ಕೆಡಿಸಿದವನು ಅವನೇ ಆಗುತ್ತಿದ್ದ. ಅಮಿತ ಅರ್ಧ ಸೇದಿದ ಸಿಗರೇಟು ಆರಿಸಿದ.

"ಆಯಿಗೆ ಹೇಳಿದ್ರ ಕೇಳೂದಿಲ್ಲ. ನಮ್ಮಪ್ಪನ ಮಾತ ಕೇಳೂದಿಲ್ಲ ಆಕಿ."

"ಮತ್ತ ಏನ್ ಮಾಡೂದ್ರಿ?"

ಅಮಿತನಿಗೆ ಬುದ್ಧಿ ಇತ್ತು. ಹಳೆಯ ಗಿರಾಕಿಯೂ ಹೊಸ ಗಿರಾಕಿಯೂ ಒಂದೇ ಲಾರಿ ಕೇಳಿದರೆ ಇಬ್ಬರನ್ನೂ ಸಮಾಧಾನ ಮಾಡುವ ಮನೆತನದ ಬುದ್ಧಿ. "ಮೌಸಿನಿಂದ ಬರೀಬಹುದಲ್ಲ ಸ್ವರ? ಪರದೇದ ಮ್ಯಾಲ, ಒಂದೊಂದ? ನೀನ ಹೇಳಿದ್ದಿ."

"ಬರೀಬಹುದ್ರಿ. ಆದ್ರ ಹನ್ನೊಂದು ಪದ..."

"ನೀ ಕೀಬೋರ್ಡ ಮುಟ್ಟಬ್ಯಾಡ. ನೀ ಮುಟ್ಟಲಿಲ್ಲ ಅಂದ್ರ ಆಯಿ ಹನಸೂದಿಲ್ಲ. ಮೌಸ್ ಏನು ವಾದ್ಯ ಅಲ್ಲಲ್ಲ. ಎಲ್ಲಾರಿಗೂ ಸಲೀಸ್." ಅವನು ಪ್ರೇಮಕುಮಾರನ ಹೆಗಲ ಮೇಲೆ ಕೈ ಇಟ್ಟ. "ನಂಗೇನಿಲ್ಲೋ, ನಿಂಗ ಗೊತ್ತೈತಿ."

ಪ್ರೇಮಕುಮಾರ ಒಪ್ಪಿದ. ಕಾರ್ಡಿನ ಸಾಲು ಅವನ ಕಣ್ಣ ಮುಂದಿತ್ತು. ಒಪ್ಪದವನಿಗೆ ಝಳಕಿಗೆ ಬಸ್ಸಿದೆ ಎಂಬುದೂ ಗೊತ್ತಿತ್ತು.

ಮೂರು ವಾರ ಅವನು ಬಲಗೈಯ ತೋರುಬೆರಳಿನಿಂದ ಹಾಡು ಬರೆದ. ಪರದೆಯ ಎಡಗಡೆ ನಿಂತ ಏಣಿಯಂತೆ ಪಟ್ಟಿಗಳ ಚಿತ್ರ, ಬಲಕ್ಕೆ ಚೌಕಳಿ. ಒಂದು ಸ್ವರಕ್ಕೆ ಒಂದು ಒತ್ತು, ಉದ್ದಕ್ಕೆ ಒಂದು ಎಳೆತ, ಜೋರಿಗೆ ಇನ್ನೊಂದು. ಸ್ವರದಿಂದ ಸ್ವರಕ್ಕೆ ಜಾರುವ, ಬೆರಳುಗಳಲ್ಲಿ ಒಂದು ಕ್ಷಣದಲ್ಲಿ ಬರುವ ಮೀಂಡಿಗೆ ಅರ್ಧ ತಾಸು. ಮೌಸಿನಿಂದ ಬರೆದದ್ದು ಗಡಿಯಾರದಂತೆ ಸರಿಯಾಗಿ ಬೀಳುತ್ತಿತ್ತು, ಮಾಸ್ತರರು ಗಡಿಯಾರದಂತೆ ಹಾಡುತ್ತಿರಲಿಲ್ಲ. ಹಾಗಾಗಿ ಪ್ರತಿ ಸ್ವರವನ್ನೂ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಕೆಡಿಸಬೇಕಿತ್ತು. ಮಣಿಕಟ್ಟು ಊದಿತು. ಒಂಬತ್ತು ಸಾವಿರದ ನಾನೂರು ಸ್ವರ ಎಂದು ಸಾಫ್ಟ್‌ವೇರ್ ತೋರಿಸಿತು. ಅಪ್ಪಣೆ ಈಗ ಒಂದೇ ಕಡೆಗೆ ಹರಿಯುತ್ತಿತ್ತು, ಡಬ್ಬಿಯಿಂದ ಕೀಬೋರ್ಡಿಗೆ. ಯಾರೂ ಮುಟ್ಟದೆ ಕೀಬೋರ್ಡು ನುಡಿಯುತ್ತಿತ್ತು. ಪಟ್ಟಿಗಳ ಕೆಳಗೆ ಎಷ್ಟು ಪುಡಿ ಉಳಿದಿದ್ದರೂ ಅದಕ್ಕೆ ಸಂಬಂಧವಿಲ್ಲ.

ಚನ್ನವ್ವ ಅದನ್ನು ನೋಡಿ ಕೈಮುಗಿದಳು. "ಯಾರೂ ಮುಟ್ಟದ ಬಾರಸಾಕತ್ತೈತಿ. ಸ್ವಾಮಿಗೋಳ ಕೃಪಾ." ಮನೆಗೆ ಬಂದವರನ್ನೆಲ್ಲ ಕರೆತಂದು ತೋರಿಸಿದಳು. ಪ್ರೇಮಕುಮಾರ ಪಕ್ಕದಲ್ಲೇ ಮೌಸ್ ಹಿಡಿದು ಕೂತಿರುತ್ತಿದ್ದ. ಅವನನ್ನು ಯಾರೂ ನೋಡುತ್ತಿರಲಿಲ್ಲ.

ಒಂದು ದಿನ ಮಠದ ಕಡೆಯಿಂದ ನಾಲ್ವರು ಹಿರಿಯರು ಕೆಲಸ ನೋಡಲು ಬರುತ್ತಾರೆಂದು ಗೊತ್ತಾಯಿತು. ಫೋಟೋದವನೂ ಬರುವವನಿದ್ದ. ಅಮಿತ ಬೆಳಿಗ್ಗೆಯೇ ಹೊಸ ಜುಬ್ಬಾ ಹಾಕಿಕೊಂಡು ಬಂದ.

"ಪ್ರೇಮ್ಯಾ, ನಾ ಪಟ್ಟಿ ಒತ್ತಿದ್ರ ಸದ್ದ ಬರಬಾರದು. ಆದ್ರ ಡಬ್ಬಿಯಾಗಿಂದು ನಡದಿರಬೇಕು. ಆಗತೈತೇನೋ?"

"ಆಗತೈತ್ರಿ. ಪಟ್ಟಿಗೋಳ ಸ್ವಂತ ಧ್ವನಿ ಸೆಟ್ಟಿಂಗ್ ಬಂದ್ ಐತಲ್ರಿ. ಬರೋ ಅಪ್ಪಣಿಗಳನ್ನ ಕಂಪ್ಯೂಟರ್ ತಗೊಳ್ಳದಂಗ ಮಾಡಿದ್ರ ಮುಗೀತು. ನೀವು ಏನ್ ಒತ್ತಿದ್ರೂ ಎಲ್ಲೂ ಹೋಗೂದಿಲ್ಲ."

"ಮಾಡು."

ಮಾಡಿದ. ಪರದೆಯ ಮೇಲೆ ಒಂದು ಗುರುತು ತೆಗೆಯುವ ಕೆಲಸ. ಹಿರಿಯರು ಚಾಪೆಯ ಮೇಲೆ ಕೂತರು. ಶ್ರೀಶೈಲಪ್ಪ ಮಾಸ್ತರರು ಕಣ್ಣು ಮುಚ್ಚಿ ಹಾಡಿದರು. ಅಮಿತ ಹತ್ತು ಬೆರಳು ಆಡಿಸಿದ, ತಲೆ ಆಡಿಸಿದ, ತಾಳದ ಸಮಕ್ಕೆ ಬಂದಾಗ ಕೈ ಎತ್ತಿದ. ಫೋಟೋದವನು ಮೂರು ಸಲ ಬೆಳಕು ಹೊಡೆದ. ಪ್ರೇಮಕುಮಾರನನ್ನು ಮೇಜಿನ ಆ ಬದಿಗೆ, ಫ್ಯಾನಿನ ಹಿಂದೆ ಸರಿದು ಕೂರಲು ಹೇಳಿದ್ದರು.

"ಲಿಂಬಿ ಮಾರಾವರ ಮನ್ಯಾಗ ಇಂಥಾ ಕಲಾವಿದ ಹುಟ್ಟ್ಯಾನಲ್ಲ" ಎಂದರು ಒಬ್ಬ ಹಿರಿಯರು.

"ಪೂರ್ವಜನ್ಮದ್ದು ಅದು" ಎಂದರು ಮಾಸ್ತರರು. ಅವರಿಗೆ ನಿಜ ಗೊತ್ತಿತ್ತು.

ಏಪ್ರಿಲ್ ಇಪ್ಪತ್ತರಂದು ಮಧ್ಯಾಹ್ನ ಸೊಲ್ಲಾಪುರದ ಪ್ರೆಸ್ಸಿನಿಂದ ಸಾವಿರ ಕಾರ್ಡು ಬಂದವು. ಕ್ಯಾಸೆಟ್ಟಿನ ಮೂಲ ಪ್ರತಿ ಮರುದಿನ ತೆಗೆಯಬೇಕಿತ್ತು. ಮಾಸ್ತರರ ಧ್ವನಿ, ಒಂಬತ್ತು ಸಾವಿರ ಸ್ವರ, ಎಲ್ಲವೂ ಆ ಡಬ್ಬಿಯಲ್ಲೇ ಇದ್ದವು. ಬೇರೆ ಪ್ರತಿ ಇಡಲು ಆಗಿನ್ನೂ ಅವರ ಬಳಿ ಸಲಕರಣೆ ಇರಲಿಲ್ಲ.

ಪ್ರೇಮಕುಮಾರ ಒಂದು ಕಾರ್ಡು ಎತ್ತಿಕೊಂಡ. ಮುಂದೆ ಸ್ವಾಮಿಗಳ ಚಿತ್ರ. ಒಳಗೆ ಜುಬ್ಬಾದಲ್ಲಿ ಅಮಿತ, ಕೀಬೋರ್ಡಿನ ಮೇಲೆ ಬಗ್ಗಿದ್ದ. 'ಗಾಯನ: ಶ್ರೀಶೈಲಪ್ಪ ಮಾಸ್ತರ, ಲಚ್ಯಾಣ. ಸಂಗೀತ ಹಾಗೂ ಕೀಬೋರ್ಡ್: ಅಮಿತ, ಇಂಡಿ.' ಕೆಳಗೆ ಸಣ್ಣ ಅಕ್ಷರದಲ್ಲಿ ಒಂಬತ್ತು ಜನರಿಗೆ ಕೃತಜ್ಞತೆ. ಕೀಬೋರ್ಡ್ ಮಾರಿದ ಅಂಗಡಿಯವನ ಹೆಸರಿತ್ತು. ಫೋಟೋದವನ ಹೆಸರಿತ್ತು. ಅವನು ಎರಡು ಸಲ ಓದಿದ.

"ನನ್ನ ಹೆಸರ ಇಲ್ಲಲ್ರಿ."

"ಪ್ರೆಸ್ಸಿನವ ಜಾಗಾ ಇಲ್ಲ ಅಂದ."

"ಸಂಗೀತ ಅಂತ ಹಾಕತೇನಿ ಅಂದಿದ್ರಿ."

ಅಮಿತ ಕಾರ್ಡುಗಳ ಕಟ್ಟನ್ನು ಜೋಡಿಸುತ್ತಿದ್ದ. ತಲೆ ಎತ್ತಲಿಲ್ಲ. "ನೋಡೋ ಪ್ರೇಮ್ಯಾ, ಬಾರಿಸಿದವರ ಹೆಸರ ಹಾಕತೇನಿ ಅಂದಿದ್ದೆ. ಎಲ್ಲಿ ಬಾರಿಸಿ ನೀ? ಮುಟ್ಟೇ ಇಲ್ಲಲ್ಲ."

"ನೀವು ಮುಟ್ಟಬ್ಯಾಡ ಅಂದ್ರಿ."

"ಅದ. ಮುಟ್ಟಿಲ್ಲ. ಮಠದಾವರು ಕಣ್ಣಾರೆ ನೋಡ್ಯಾರ ಯಾರು ಬಾರಿಸಿದ್ದು ಅಂತ. ಈಗ ನಿನ್ನ ಹೆಸರ ಹಾಕಿದ್ರ, ಇವ ಯಾರು, ಯಾವೂರಾವ, ಯಾರ ಪೈಕಿ ಅಂತ ಕೇಳ್ತಾರ. ಸ್ವಾಮಿಗೋಳ ಕ್ಯಾಸೆಟ್ ಅದು. ಮುಂದಿನದ್ರಾಗ ಹಾಕೋಣಂತ." ನಂತರ, ಏನೋ ಕೊಡುವವನಂತೆ, "ನಂಗೇನಿಲ್ಲೋ" ಎಂದ.

ಮಾಸ್ತರರು ತಾಂಬೂಲ ಮೆಲ್ಲುತ್ತ, "ಹೆಸರು ಅನ್ನೂದು ಮಾಯೆ ತಮ್ಮಾ" ಎಂದರು. ಅವರ ಹೆಸರು ಕೆಂಪು ಅಕ್ಷರದಲ್ಲಿತ್ತು.

ಅಮಿತನೂ ಮಾಸ್ತರರೂ ಐವತ್ತು ಕಾರ್ಡು ತೆಗೆದುಕೊಂಡು ಮೋಟರ್ ಸೈಕಲ್ಲಿನಲ್ಲಿ ಮಠಕ್ಕೆ ಹೋದರು. ನಾಳೆಗೆ ಎಲ್ಲ ಸಿದ್ಧಮಾಡಿಡು ಎಂದು ಅಮಿತ ಮೆಟ್ಟಿಲಿನಿಂದ ಕೂಗಿ ಹೇಳಿದ.

ಪ್ರೇಮಕುಮಾರ ಕಾರ್ಡನ್ನು ತಿರುಗಿ ಕಟ್ಟಿನ ಮೇಲಿಟ್ಟ. ಆಮೇಲೆ ಕೀಬೋರ್ಡಿನ ಸೆಟ್ಟಿಂಗ್ ಮತ್ತೆ ಚಾಲೂ ಮಾಡಿ, ಒಂದು ತಿಂಗಳ ನಂತರ ಅದರ ಮೇಲೆ ಕೈ ಇಟ್ಟ. ಅಪ್ಪ ಹಾಡುತ್ತಿದ್ದ ಒಂದು ಭೀಮಗೀತೆಯ ಧಾಟಿ ಹಿಡಿದ. ಎರಡು ಪಟ್ಟಿ ಸತ್ತಿದ್ದವು. ಅವನ್ನು ದಾಟಿ ಬಾರಿಸಿದ. ಹತ್ತು ನಿಮಿಷವಾದ ಮೇಲೆ ಒಳಮೆಟ್ಟಿಲಿನಲ್ಲಿ ಕಾಲಿನ ಸದ್ದು ಕೇಳಿತು. ಅವನು ನಿಲ್ಲಿಸಲಿಲ್ಲ.

ಚನ್ನವ್ವ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದಳು. ಮುಗಿದ ಮೇಲೆ ಹೇಳಿದಳು, "ಚಲೋ ಬಾರಸ್ತೀಯೋ. ನಮ್ಮ ಅಮಿತಗ ಹಿಂಗ ಬರೂದಿಲ್ಲ."

ಅವನ ಕೆಲಸದ ಬಗ್ಗೆ ಆ ಮನೆಯಲ್ಲಿ ಯಾರಾದರೂ ಹೇಳಿದ ಒಂದೇ ಒಳ್ಳೆಯ ಮಾತು ಅದು. ಅವಳು ತಿರುಗಿ ಕೆಳಗಿಳಿದಳು. ತಾಮ್ರದ ತಂಬಿಗೆ ಮತ್ತು ಒಂದು ಹಿಡಿ ಕರಕಿ ಹುಲ್ಲು ಹಿಡಿದು ಬಂದಳು.

"ಸರಿ ಅತ್ತಾಗ."

ಪ್ರೇಮಕುಮಾರ ಎದ್ದು ಗೋಡೆಯ ಸ್ವಿಚ್ಚು ಆರಿಸಿದ. ಮುದುಕಿಯನ್ನು ಕೊಲ್ಲುವ ಮನಸ್ಸು ಅವನಿಗಿರಲಿಲ್ಲ. ಅವಳು ಕರಕಿ ಅದ್ದಿ ಕೀಬೋರ್ಡಿನ ಮೇಲೆ ಎಡದಿಂದ ಬಲಕ್ಕೆ ಹನಿಸುತ್ತ ಹೋದಳು. ಬಾಯಲ್ಲಿ ಶಿವನ ಹೆಸರು. ಮುಗಿಸಿ ತಿರುಗುವಾಗ ಅವನು ಅಂದ:

"ಅಮ್ಮಾರ, ಇದಷ್ಟ ಅಲ್ರಿ ನಾ ಮುಟ್ಟಿದ್ದು."

"ಮತ್ತೇನು ಮುಟ್ಟಿ?"

"ಈ ವಾಯರ್ರಿ. ದಿನಾ ಮುಟ್ಟತೇನಿ."

ಅವಳು ವಾಯರಿಗೆ ಹನಿಸಿದಳು.

"ಇದು ಮೌಸ್. ಒಂದು ತಿಂಗಳಾತ್ರಿ, ಬೆಳಿಗ್ಗಿಂದ ಸಂಜಿತನಾ ಇದರ ಮ್ಯಾಲ ನನ್ನ ಕೈ."

"ಇದೇನು ವಾದ್ಯಲ್ಲಲ್ಲೋ."

"ಇದರಿಂದನ ಬರದೇನ್ರಿ ಎಲ್ಲಾ ಪದ. ಅದು ತಾನ ಬಾರಸ್ತಿದ್ದಿಲ್ರಿ, ನಾ ಬಾರಿಸ್ತಿದ್ದೆ. ಅಮಿತ ಸಾವಕಾರ್ರು ಹೇಳಿಲ್ಲೇನ್ರಿ ನಿಮಗ?"

ಚನ್ನವ್ವನ ಮುಖ ಸಣ್ಣದಾಯಿತು. ಊರವರನ್ನೆಲ್ಲ ಕರೆತಂದು ತೋರಿಸಿದ್ದು ನೆನಪಾಗಿರಬೇಕು. ಕರಕಿ ಬಿಟ್ಟು ತಂಬಿಗೆಯಿಂದಲೇ ಮೌಸಿನ ಮೇಲೆ ಸುರಿದಳು.

"ಪದ ಎಲ್ಲಿ ಅದಾವೋ ಹಂಗಾರ?"

"ಅವತ್ತ ಮಾಸ್ತರಿಗೆ ಹೇಳಿದ್ನೆಲ್ರಿ. ಈ ಡಬ್ಬಿಯಾಗ. ಹನ್ನೊಂದೂ. ಒಂದೊಂದು ಸ್ವರಾನೂ ನಾ ಮುಟ್ಟಿದ್ದ." ಅವನು ಟೇಬಲ್ ಫ್ಯಾನನ್ನು ಪಕ್ಕಕ್ಕೆ ಸರಿಸಿದ. ತಗಡಿಲ್ಲದ ಡಬ್ಬಿಯ ಹೊಟ್ಟೆ ಕಾಣಿಸಿತು. "ಒಳಗೂ ಕೈ ಹಾಕೇನ್ರಿ. ಇದನ್ನ ಕಿತ್ತು ಉಜ್ಜಿದ್ದೆ. ಇದನ್ನ ಹಚ್ಚಿದ್ದೆ. ಇದು ನೋಡ್ರಿ, ಇದರಾಗ ಇರತಾವು ಪದಗೋಳು."

ಅವನು ಸುಳ್ಳು ಹೇಳಲಿಲ್ಲ. ಸರಪಳಿಯ ಒಂದೊಂದೇ ಕೊಂಡಿಯನ್ನು ಬೆರಳಿಟ್ಟು ತೋರಿಸಿದ. ಅವಳು ಅವನ ಬೆರಳ ಹಿಂದೆಯೇ ತಂಬಿಗೆ ಬಗ್ಗಿಸಿದಳು. ಸ್ವಾಮಿಗಳ ಪದಗಳಿರುವ ಜಾಗಕ್ಕೆ ಬಂದಾಗ ಉಳಿದದ್ದನ್ನೆಲ್ಲ ಸುರಿದು, ತಂಬಿಗೆಯ ತಳ ತಟ್ಟಿದಳು. ಮೇಜಿನ ಅಂಚಿನಿಂದ ನೆಲಕ್ಕೆ ತೊಟ್ಟಿಕ್ಕತೊಡಗಿತು.

"ಇಷ್ಟ ದಿವಸ ಯಾಕ ಹೇಳಲಿಲ್ಲೋ ನೀ?"

"ಯಾರೂ ಕೇಳಲಿಲ್ರಿ ಅಮ್ಮಾರ."

"ಇನ್ನೇನರ ಉಳದೈತೇನು?"

"ಇಲ್ರಿ. ಮುಗೀತು."

ಅವಳು ಸಮಾಧಾನದಿಂದ ಇಳಿದು ಹೋದಳು. ಪ್ರೇಮಕುಮಾರ ಮೇಜು ಒರೆಸಿ, ತಗಡನ್ನು ಗೋಡೆಯಿಂದ ತೆಗೆದು ಡಬ್ಬಿಗೆ ಹೊಂದಿಸಿ ನಾಲ್ಕೂ ಸ್ಕ್ರೂ ಬಿಗಿದ. ತನ್ನ ಹನ್ನೊಂದು ಪದಗಳನ್ನೂ ಅದರೊಳಗೇ ಮುಚ್ಚಿದ. ಏಣಿ ಇಳಿಯುವಾಗ ಕೆಳಗೆ ಅಮಿತನ ಮೋಟರ್ ಸೈಕಲ್ ಬಂದು ನಿಂತಿತು. ಮಠದಲ್ಲಿ ಶಾಲು ಹೊದಿಸಿ ಕಳಿಸಿದ್ದರು. ಶಾಲು ಇನ್ನೂ ಹೆಗಲ ಮೇಲಿತ್ತು.

"ಎಲ್ಲಾ ತಯಾರೈತೇನೋ?"

"ಐತ್ರಿ. ಸ್ವಿಚ್ ಹಾಕೂದಷ್ಟ."

ಅವನು ಐದರ ಬಸ್ಸು ಹಿಡಿದ. ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಇಬ್ರಾಹಿಂಸಾಬನ ಅಂಗಡಿ ತೆರೆದಿತ್ತು. ಒಳಗೆ ಹೋಗಲಿಲ್ಲ.

ಆಮೇಲೆ ನಡೆದದ್ದು ಊರಿಗೆ ಗೊತ್ತಿದೆ. ಸ್ವಿಚ್ಚು ಹಾಕಿದಾಗ ಡಬ್ಬಿಯೊಳಗೆ ಒಂದು ಸಲ ನೀಲಿ ಬೆಳಕು ಕಂಡಿತು, ಹೊಗೆ ಬಂತು. ಅದನ್ನು ಇಬ್ರಾಹಿಂಸಾಬನಲ್ಲಿಗೆ ಒಯ್ದರು. ಅವನು ಸ್ಕ್ರೂ ಬಿಚ್ಚಿ, ಮೂಸಿ, ಮತ್ತೆ ಮುಚ್ಚಿ, ಇದು ನನ್ನ ಕೈಲಿ ಆಗೋದಲ್ಲ ಎಂದ. ಯಾಕೆ ಸುಟ್ಟಿತು ಎಂದು ಕೇಳಿದರೆ ಅಮಿತ ಕರೆಂಟಿನವರನ್ನು ಬಯ್ಯುತ್ತಿದ್ದ. ಬೇರೆ ಕಾರಣ ಹೇಳಿದರೆ ಅಜ್ಜಿಯ ತಂಬಿಗೆ ಹೇಳಬೇಕಾಗುತ್ತಿತ್ತು, ತಂಬಿಗೆ ಹೇಳಿದರೆ ಯಾರು ಮುಟ್ಟಿದ್ದು ಎಂಬುದನ್ನೂ ಹೇಳಬೇಕಾಗುತ್ತಿತ್ತು. ಪುಣ್ಯತಿಥಿ ದಾಟಿತು. ಸಿಂದಗಿಯವನನ್ನು ಯಾರೂ ಕರೆಯಲಿಲ್ಲ.

ವಿಜಾಪುರದ ಮ್ಯಾನೇಜರನ ಹತ್ತಿರ ಪ್ರೇಮಕುಮಾರ ಇನ್ನೊಮ್ಮೆ ಹೋದ. "ಕಾರ್ಡ ತಂದೀಯೇನು?" ಎಂದು ಅವನು ಕೇಳಿದ. ಇಲ್ಲವೆಂದ. "ಮತ್ತ ಬಂದದ್ದೇನು?"

ಜೂನಿನ ಒಂದು ಮಧ್ಯಾಹ್ನ ಝಳಕಿಯ ಹೆದ್ದಾರಿಯಲ್ಲಿ, ಚಹದಂಗಡಿಯ ಮುಂದೆ ಲಿಂಬೆ ತುಂಬಿದ ಲಾರಿ ನಿಂತಿತ್ತು. ಪ್ರೇಮಕುಮಾರ ಲಗ್ನದ ಬ್ಯಾಂಡಿನವರ ಜೊತೆ ನಿಡಗುಂದಿಯ ಕಡೆ ಹೋಗುವ ಟೆಂಪೋಕ್ಕೆ ಕಾಯುತ್ತಿದ್ದ. ಚೀಲಗಳ ಬಾಯಿಗೆ ಹೊಲಿದ ಚೀಟಿಗಳು ಗಾಳಿಗೆ ಹೊರಳುತ್ತಿದ್ದವು. ಹತ್ತಿರ ಹೋಗಿ ಒಂದನ್ನು ಹಿಡಿದ. ಸ್ವಾಮಿಗಳ ಚಿತ್ರದ ಮಡಿಕೆ ಕತ್ತರಿಸಿ ತೆಗೆದಿದ್ದರು, ಖಾಲಿ ಬದಿಯಲ್ಲಿ ಪೆನ್ನಿನಿಂದ 'ಚೀಲ ೧೪, ಸಣ್ಣ ಕಾಯಿ' ಎಂದು ಬರೆದಿತ್ತು. ತಿರುಗಿಸಿದ. ಜುಬ್ಬಾ, ಕೀಬೋರ್ಡು, ಸಂಗೀತ, ಅಮಿತ. ಚೀಲ ಹೊಲಿದ ದಬ್ಬಣ ಫೋಟೋದ ಹಣೆಯಲ್ಲೇ ತೂತು ಮಾಡಿತ್ತು.

ಡ್ರೈವರ ಚಹ ಮುಗಿಸಿ ಬಂದ. "ಏನ್ ಓದಾಕತ್ತಿ?"

"ಕ್ಯಾಸೆಟ್ಟಿನ ಕಾರ್ಡ್ರಿ ಇದು."

"ಹೌದಾ? ಕ್ಯಾಸೆಟ್ ಹೆಂಗೈತಿ?"

"ಇಲ್ರಿ" ಎಂದು ಪ್ರೇಮಕುಮಾರ ಕಾರ್ಡನ್ನು ಬಿಟ್ಟ. "ಕ್ಯಾಸೆಟ್ ಇಲ್ಲ."